ಪುಸ್ತಕದ ಪಿಡಿಎಫ್ ಎಕ್ಸ್‌ಪೋರ್ಟ್ ಅರ್ಧಕ್ಕೇ ನಿಲ್ಲುತ್ತಿದೆ. ಪೂರ್ತಿಯಾದದ್ದು ಮುದ್ರಣಾಲಯದಿಂದ ಮರಳಿ ಬಂದಿದೆ

ಪ್ರಶ್ನೆ

ನಮಸ್ಕಾರ. 272 ಪುಟಗಳ ಪುಸ್ತಕವೊಂದನ್ನು ಆಫ್‌ಸೆಟ್ ಮುದ್ರಣಕ್ಕೆ ಸಿದ್ಧಪಡಿಸುತ್ತಿದ್ದೇನೆ. ಲೇಖಕರು ವರ್ಡ್‌ನಲ್ಲಿ ಟೈಪು ಮಾಡಿ ಕೊಟ್ಟ ಪಠ್ಯವನ್ನು ಪುಟವಿನ್ಯಾಸದ ತಂತ್ರಾಂಶವಾದ ಇನ್‌ಡಿಸೈನ್‌ಗೆ ತಂದು ಪುಟ ಕಟ್ಟಿದ್ದೇನೆ. ನಡುವಿನ 16 ಪುಟಗಳಲ್ಲಿ ಮಾತ್ರ ಬಣ್ಣದ ಚಿತ್ರಗಳಿವೆ. ಉಳಿದವೆಲ್ಲ ಕಪ್ಪು ಶಾಯಿ ಒಂದರಲ್ಲೇ ಅಚ್ಚಾಗಬೇಕು.

ಮುದ್ರಣಕ್ಕೆಂದು ಪಿಡಿಎಫ್ ಎಕ್ಸ್‌ಪೋರ್ಟ್ ಮಾಡಲು ಹೊರಟರೆ ಮುಕ್ಕಾಲು ಪಾಲು ಸಾಗಿ, ಎಕ್ಸ್‌ಪೋರ್ಟ್ ವಿಫಲವಾಯಿತು ಎಂಬ ಒಂದೇ ಸಾಲಿನ ಸೂಚನೆ ಕೊಟ್ಟು ನಿಂತುಬಿಡುತ್ತದೆ. ಯಾವ ಪುಟ, ಏನು ಕಾರಣ ಎಂಬುದನ್ನು ಅದು ಹೇಳುವುದಿಲ್ಲ. ನೆರಳು ಮುಂತಾದ ಪರಿಣಾಮಗಳನ್ನೆಲ್ಲ ತೆಗೆದುಹಾಕಿ, ಮುದ್ರಣಕ್ಕೆಂದೇ ಇರುವ ಪಿಡಿಎಫ್/ಎಕ್ಸ್-1ಎ ಎಂಬ ಮಾದರಿಯ ಆಯ್ಕೆಯಲ್ಲಿ ಹೇಗೋ ಒಂದು ಸಲ ಪೂರ್ತಿಯಾಯಿತು. ಆದರೆ ಅದನ್ನು ನೋಡಿದ ಮುದ್ರಣಾಲಯದವರು, ಒಳಪುಟಗಳ ಅಕ್ಷರಗಳು ನಾಲ್ಕೂ ಬಣ್ಣಗಳಲ್ಲಿವೆ, ಬ್ಲೀಡ್ (ಕತ್ತರಿಸುವ ಅಂಚಿನಾಚೆ ಚಾಚಿರಬೇಕಾದ ಭಾಗ) ಇಲ್ಲ ಎಂದು ಮರಳಿಸಿದರು. ನನ್ನ ಪರದೆಯ ಮೇಲೆ ಅಕ್ಷರ ಅಚ್ಚ ಕಪ್ಪಾಗಿಯೇ ಕಾಣುತ್ತದೆ, ಬ್ಲೀಡ್ 3 ಮಿ.ಮೀ. ಎಂದು ಕಡತದಲ್ಲಿ ನಮೂದಿಸಿಯೂ ಇದ್ದೇನೆ. ಬೇಸತ್ತು, ಪ್ರತಿ ಪುಟವನ್ನೂ 300 ಪಿಪಿಐನ (ಅಂಗುಲಕ್ಕೆ 300 ಪಿಕ್ಸೆಲ್‌ಗಳ) ಜೆಪೆಗ್ ಚಿತ್ರವಾಗಿ ತೆಗೆದು ಒಟ್ಟುಗೂಡಿಸಿ ಕಳುಹಿಸಿಬಿಡಲೇ ಎಂದು ಯೋಚಿಸುತ್ತಿದ್ದೇನೆ. ಹಾಗೆ ಮಾಡಬಹುದೇ?

ಮೊದಲ ಉತ್ತರ

ಕೊನೆಯ ಮಾತಿಗೆ ಮೊದಲು ಉತ್ತರಿಸುತ್ತೇನೆ: ದಯವಿಟ್ಟು ಪುಟಗಳನ್ನು ಚಿತ್ರ ಮಾಡಬೇಡಿ. ಅಕ್ಷರವು ಫಾಂಟಿನ ರೂಪದಲ್ಲೇ ಪಿಡಿಎಫ್‌ನೊಳಗೆ ಹೋದರೆ ಅಚ್ಚಿನ ಪ್ಲೇಟ್ (ಶಾಯಿಗೊಂದರಂತೆ ಬಳಸುವ ತಗಡು) ಮಾಡುವ ಯಂತ್ರ ಅದನ್ನು ತನ್ನ ಪೂರ್ಣ ಸೂಕ್ಷ್ಮತೆಯಲ್ಲಿ, ಸಾಮಾನ್ಯವಾಗಿ ಅಂಗುಲಕ್ಕೆ 2400 ಚುಕ್ಕಿಗಳಲ್ಲಿ, ಚೊಕ್ಕವಾಗಿ ಬಿಡಿಸುತ್ತದೆ. ಅದೇ ಅಕ್ಷರ 300 ಪಿಪಿಐ ಚಿತ್ರವಾಗಿ ಹೋದರೆ ಅಂಚಿನ ಬೂದು ಚುಕ್ಕಿಗಳೆಲ್ಲ ಹಾಫ್‌ಟೋನ್ ಜಾಲರಿಗೆ (ಛಾಯೆಗಳನ್ನು ಸಣ್ಣ ಚುಕ್ಕಿಗಳಾಗಿ ಒಡೆಯುವ ಕ್ರಮಕ್ಕೆ) ಸಿಕ್ಕಿ ಒಡೆಯುತ್ತವೆ. ಕನ್ನಡದಲ್ಲಿ ಇದರ ಪೆಟ್ಟು ಹೆಚ್ಚು. 'ದ'ಕ್ಕೂ 'ಧ'ಕ್ಕೂ ಇರುವ ವ್ಯತ್ಯಾಸ ಕೆಳಗಿನ ಒಂದು ಸಣ್ಣ ಸೀಳು ಮಾತ್ರ. ಅಡಿಟಿಪ್ಪಣಿಯ ಗಾತ್ರದಲ್ಲಿ ಆ ಸೀಳು ಮುಚ್ಚಿಹೋದರೆ ಓದುಗರು ಮುದ್ರಣದೋಷವೆಂದೇ ತಿಳಿಯುತ್ತಾರೆ.

ಇನ್ನು ಅರ್ಧಕ್ಕೆ ನಿಲ್ಲುವ ತೊಂದರೆ. ಹಳೆಯ ಪಿಡಿಎಫ್ ಅಕ್ರೋಬ್ಯಾಟ್‌ನಲ್ಲಿ ತೆರೆದುಕೊಂಡಿದ್ದು ಅದೇ ಹೆಸರಿನ ಮೇಲೆ ಬರೆಯಲು ಹೋದರೂ, ನೆಟ್‌ವರ್ಕ್‌ನಲ್ಲಿರುವ ಫೋಲ್ಡರಿಗೆ ಉಳಿಸಲು ಹೋದರೂ ಹೀಗಾಗುವುದುಂಟು. ಆದ್ದರಿಂದ ಮೊದಲು ನಿಮ್ಮ ಕಂಪ್ಯೂಟರಿನ ಡಿಸ್ಕಿಗೇ ಹೊಸ ಹೆಸರಿನಲ್ಲಿ ಉಳಿಸಿ ನೋಡಿ. ಆಗಲೂ ನಿಂತರೆ ಕಾರಣ ಯಾವುದೋ ಒಂದು ಪುಟದಲ್ಲಿದೆ ಎಂದೇ ಹಿಡಿಯಿರಿ. ಪುಟಗಳ ವ್ಯಾಪ್ತಿಯಲ್ಲಿ 1ರಿಂದ 136ನ್ನು ಮಾತ್ರ ಕೊಟ್ಟು ಎಕ್ಸ್‌ಪೋರ್ಟ್ ಮಾಡಿ, ಆಮೇಲೆ 137ರಿಂದ 272ನ್ನು. ಯಾವ ಅರ್ಧ ಕೆಡುತ್ತದೋ ಅದನ್ನು ಮತ್ತೆ ಎರಡು ಮಾಡಿ. ಹೀಗೆ ಎಂಟೊಂಬತ್ತು ಸಲ ಮಾಡುವಷ್ಟರಲ್ಲಿ ಒಂದೇ ಪುಟಕ್ಕೆ ಬಂದು ನಿಲ್ಲುತ್ತೀರಿ. ಆ ಪುಟದ ಚಿತ್ರವನ್ನು ತೆಗೆದು ಒಮ್ಮೆ, ಫಾಂಟ್ ಬದಲಿಸಿ ಒಮ್ಮೆ ನೋಡಿದರೆ ತಪ್ಪಿತಸ್ಥ ಯಾರೆಂದು ತಿಳಿಯುತ್ತದೆ. ಪ್ರತ್ಯೇಕವಾಗಿ ಯಾವ ಪುಟವೂ ಕೆಡದೆ ಒಟ್ಟಿಗೆ ಮಾಡಿದಾಗ ಮಾತ್ರ ನಿಂತರೆ, ಕಡತವನ್ನು ಇನ್‌ಡಿಸೈನ್‌ನದೇ ಇನ್ನೊಂದು ಕಡತರೂಪವಾದ ಐಡಿಎಂಎಲ್‌ನಲ್ಲಿ ಉಳಿಸಿ, ಅದನ್ನು ತೆರೆದು ಹೊಸ ಕಡತವಾಗಿ ಮಾಡಿಕೊಳ್ಳಿ. ಬಹಳ ದಿನ ತಿದ್ದಿದ ಕಡತದೊಳಗೆ ಉಳಿದ ಕಸ ಅಲ್ಲಿ ಕಳಚಿಹೋಗುತ್ತದೆ.

ಎರಡನೆಯ ಉತ್ತರ

ಕಪ್ಪಿನ ವಿಷಯ ನಾನು ಹೇಳುತ್ತೇನೆ, ಏಕೆಂದರೆ ವರ್ಡ್‌ನಿಂದ ಬಂದ ಪಠ್ಯದಲ್ಲಿ ಇದನ್ನು ಮತ್ತೆಮತ್ತೆ ಕಂಡಿದ್ದೇನೆ. ನಿಮ್ಮ ಕಡತದ ಬಣ್ಣಗಳ ಪಟ್ಟಿಯಾದ ಸ್ವಾಚಸ್ ಫಲಕವನ್ನು ತೆರೆದು ನೋಡಿ. ವರ್ಡ್ ಎಂಬ ಹೆಸರಿನ ಮುಂದೆ ಆರ್0, ಜಿ0, ಬಿ0 ಎಂದಿರುವ ಬಣ್ಣವೊಂದು ಅಲ್ಲಿರುವ ಸಂಭವ ಹೆಚ್ಚು. ಲೇಖಕರು ಅಕ್ಷರಕ್ಕೆ ಸ್ವಯಂಚಾಲಿತ ಬಣ್ಣವನ್ನು ಬಿಟ್ಟು ಕಪ್ಪನ್ನು ಕೈಯಾರೆ ಆಯ್ದಿದ್ದರೆ ಅದು ಪರದೆಯ ಆರ್‌ಜಿಬಿ (ಕೆಂಪು, ಹಸಿರು, ನೀಲಿ ಬೆಳಕುಗಳನ್ನು ಬೆರೆಸುವ ಕ್ರಮ) ಕಪ್ಪಾಗಿಯೇ ಬಂದು ಕೂರುತ್ತದೆ. ಎಕ್ಸ್-1ಎಯಲ್ಲಿ ಆರ್‌ಜಿಬಿಗೆ ಅವಕಾಶವಿಲ್ಲದ್ದರಿಂದ ತಂತ್ರಾಂಶ ಅದನ್ನು ಮುದ್ರಣದ ನಾಲ್ಕು ಶಾಯಿಗಳ ಕ್ರಮವಾದ ಸಿಎಂವೈಕೆಗೆ ಪರಿವರ್ತಿಸುತ್ತದೆ. ಬಹಳ ಕಡೆ ಮೊದಲೇ ಹೊಂದಿಸಿರುವ ಸ್ವಾಪ್ ಎಂಬ ಬಣ್ಣ ಪರಿವರ್ತನೆಯ ಪ್ರೊಫೈಲಿನಲ್ಲಾದರೆ ಆ ಕಪ್ಪು ಶೇಕಡಾ ಲೆಕ್ಕದಲ್ಲಿ ಸಯಾನ್ 75, ಮಜೆಂಟಾ 68, ಹಳದಿ 67, ಕಪ್ಪು 90 ಎಂದಾಗುತ್ತದೆ. ಪರದೆಗೆ ಎರಡೂ ಒಂದೇ ಕಪ್ಪು, ಪ್ಲೇಟಿಗೆ ಅಲ್ಲ. ಇದನ್ನು ನಾಲ್ಕು ಬಣ್ಣದಲ್ಲೇ ಅಚ್ಚು ಹಾಕಿದರೂ ಪ್ಲೇಟುಗಳು ಕೂದಲೆಳೆಯಷ್ಟು ಸರಿದಾಡಿದರೆ ಸಾಕು, ಪ್ರತಿ ಅಕ್ಷರದ ಪಕ್ಕಕ್ಕೂ ಬಣ್ಣದ ನೆರಳು ಕಾಣುತ್ತದೆ.

ಆ ಸ್ವಾಚನ್ನು ಅಳಿಸಿ, ಬದಲಿಗೆ ಯಾವುದು ಎಂದು ಕೇಳಿದಾಗ ಇನ್‌ಡಿಸೈನ್‌ನ ಬ್ಲ್ಯಾಕ್ ಅನ್ನು ಆಯ್ದುಕೊಳ್ಳಿ. ಪುಸ್ತಕವಿಡೀ ಒಂದೇ ಸಲಕ್ಕೆ ಬದಲಾಗುತ್ತದೆ. ರಿಜಿಸ್ಟ್ರೇಷನ್ ಎಂಬ ಸ್ವಾಚ್ ಕೂಡ ಕಪ್ಪಾಗಿಯೇ ಕಾಣುತ್ತದೆ, ಆದರೆ ಅದು ಎಲ್ಲ ಪ್ಲೇಟುಗಳಲ್ಲೂ ನೂರಕ್ಕೆ ನೂರು ಶಾಯಿ ಎಂದರ್ಥ, ಅದನ್ನು ಮುಟ್ಟಬೇಡಿ. ಬಳಿಕ ಶಾಯಿಗಳನ್ನು ಬೇರೆಬೇರೆಯಾಗಿ ತೋರಿಸುವ ಸೆಪರೇಷನ್ಸ್ ಪ್ರಿವ್ಯೂ ತೆರೆದು ಕಪ್ಪು ಪ್ಲೇಟನ್ನು ಮಾತ್ರ ಮರೆಮಾಡಿ. ಪುಟ ಪೂರ್ತಿ ಬಿಳಿಯಾದರೆ ಸರಿಯಾಯಿತು. ಅಲ್ಲಲ್ಲಿ ಮಂಕಾದ ಅಕ್ಷರಗಳು ಉಳಿದುಕೊಂಡರೆ ಅವು ಇನ್ನೂ ಬೇರೆ ಶಾಯಿಗಳಲ್ಲಿವೆ.

ಬ್ಲೀಡ್ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಕಡತದಲ್ಲಿ ನಮೂದಿಸಿದರೆ ಸಾಲದು. ಎಕ್ಸ್‌ಪೋರ್ಟ್ ಮಾಡುವಾಗ ಮಾರ್ಕ್ಸ್ ಮತ್ತು ಬ್ಲೀಡ್ಸ್ ಪುಟದಲ್ಲಿ ಕಡತದ ಬ್ಲೀಡ್ ಬಳಸು ಎಂಬುದಕ್ಕೆ ಗುರುತು ಹಾಕಬೇಕು, ಚಿತ್ರದ ಚೌಕಟ್ಟೂ ಪುಟದಂಚನ್ನು ದಾಟಿ ಬ್ಲೀಡ್ ಗೆರೆಯವರೆಗೆ ಚಾಚಿರಬೇಕು.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಹೃತ್ಪೂರ್ವಕ ವಂದನೆಗಳು. ಅರ್ಧ ಮಾಡುತ್ತ ಹೋಗಿ 187ನೇ ಪುಟಕ್ಕೆ ಬಂದು ನಿಂತೆ. ಅಲ್ಲಿದ್ದದ್ದು ಯಾರೋ ಮಿಂಚಂಚೆಯಲ್ಲಿ ಕಳುಹಿಸಿದ ಒಂದು ಟಿಫ್ ಚಿತ್ರ. ಇನ್‌ಡಿಸೈನ್‌ನಲ್ಲಿ ಸರಿಯಾಗಿ ಕಾಣುತ್ತಿದ್ದರೂ ಬೇರೆ ತಂತ್ರಾಂಶದಲ್ಲಿ ತೆರೆದಾಗ ಕೆಳಗಿನ ಕಾಲುಭಾಗ ಖಾಲಿಯಿತ್ತು. ಹಿಂದೆ ಎಕ್ಸ್-1ಎ ಪೂರ್ತಿಯಾದದ್ದು ಹೇಗೆಂಬುದೂ ಈಗ ತಿಳಿಯಿತು: ಅಂದು ನೆರಳಿದ್ದ ಆ ಚಿತ್ರವನ್ನೇ ತೆಗೆದುಹಾಕಿದ್ದೆ. ಮೂಲಚಿತ್ರವನ್ನು ಮತ್ತೆ ತರಿಸಿಕೊಂಡು ಹಾಕಿದ ಮೇಲೆ ಎಕ್ಸ್‌ಪೋರ್ಟ್ ನಿಲ್ಲಲಿಲ್ಲ. ಸ್ವಾಚನ್ನೂ ಬದಲಿಸಿದೆ. ಆದರೆ ಕಪ್ಪು ಪ್ಲೇಟನ್ನು ಮರೆಮಾಡಿದರೆ ಅಕ್ಷರಗಳು ಮಾಯವಾಗುತ್ತವೆ, ಕಪ್ಪುಬಿಳುಪು ಚಿತ್ರಗಳು ಮಾತ್ರ ಮಸುಕಾಗಿ ಉಳಿಯುತ್ತವೆ. ಇನ್ನೊಂದು ಸಂದೇಹವೂ ಇದೆ: ಪಿಡಿಎಫ್‌ನಿಂದ ಒಂದು ಸಾಲನ್ನು ನಕಲಿಸಿ ಬೇರೆಡೆ ಅಂಟಿಸಿದರೆ ಒತ್ತಕ್ಷರಗಳು ಸ್ಥಾನಪಲ್ಲಟವಾಗಿ ಬರುತ್ತವೆ. ಅಚ್ಚಿನಲ್ಲೂ ಹಾಗೆಯೇ ಬಂದೀತೇ?

ಮೂರನೆಯ ಉತ್ತರ

ಆ ಚಿತ್ರಗಳು ನೋಡಲು ಕಪ್ಪುಬಿಳುಪಾದರೂ ಸ್ಕ್ಯಾನ್ ಆಗಿರುವುದು ಆರ್‌ಜಿಬಿಯಲ್ಲಿ. ಒಂದೊಂದನ್ನೂ ಫೋಟೋಶಾಪ್‌ನಲ್ಲೋ ಗಿಂಪ್‌ನಲ್ಲೋ ತೆರೆದು ಗ್ರೇಸ್ಕೇಲ್‌ಗೆ ಬದಲಿಸಿ ಉಳಿಸಿ, ಲಿಂಕ್ ನವೀಕರಿಸಿ. ಅದೇ ಹೊತ್ತಿನಲ್ಲಿ ಲಿಂಕ್ಸ್ ಫಲಕದಲ್ಲಿ ಎಫೆಕ್ಟಿವ್ ಪಿಪಿಐ ಎಷ್ಟಿದೆ ಎಂದೂ ನೋಡಿಕೊಳ್ಳಿ. 300 ಪಿಪಿಐ ಚಿತ್ರವನ್ನು ಪುಟದಲ್ಲಿ ಎರಡು ಪಟ್ಟು ಹಿಗ್ಗಿಸಿದ್ದರೆ ಅಲ್ಲಿ ಉಳಿಯುವುದು 150 ಮಾತ್ರ.

ನಕಲಿಸಿದ ಸಾಲಿನ ಬಗ್ಗೆ ಆತಂಕ ಬೇಡ. ಪಿಡಿಎಫ್‌ನಲ್ಲಿ ಉಳಿಯುವುದು ಯಾವ ಆಕೃತಿ ಎಲ್ಲಿ ಕೂರಬೇಕು ಎಂಬ ಲೆಕ್ಕ; ಅಚ್ಚಾಗುವುದೂ ಅದೇ. ನಕಲು ಮಾಡುವಾಗ ಆ ಆಕೃತಿಗಳನ್ನು ಮತ್ತೆ ಅಕ್ಷರಗಳಾಗಿ ಜೋಡಿಸುವಲ್ಲಿ ಎಡವಟ್ಟಾಗುತ್ತದೆ. ಪರದೆಯ ಮೇಲೆಯೇ 'ಸ್ತ್ರೀ' ಎಂಬುದು ಒಡೆದು, ಒತ್ತುಗಳು ಪಕ್ಕಕ್ಕೆ ಬಿದ್ದು ಕಂಡರೆ ಮಾತ್ರ ಪ್ಯಾರಾಗ್ರಾಫ್ ಸ್ಟೈಲ್‌ನಲ್ಲಿ ಭಾರತೀಯ ಲಿಪಿಗಳನ್ನೂ ಸರಿಯಾಗಿ ಜೋಡಿಸುವ ವರ್ಲ್ಡ್-ರೆಡಿ ಕಂಪೋಸರ್ ಆಯ್ಕೆಯಾಗಿದೆಯೇ ಎಂದು ನೋಡಬೇಕು. ಹಾಗೆ ಒಡೆಯುತ್ತದೆಂಬ ಭಯಕ್ಕೆ ಇಡೀ ಪುಸ್ತಕದ ಅಕ್ಷರಗಳನ್ನು ಔಟ್‌ಲೈನ್ ಮಾಡುವವರಿದ್ದಾರೆ, ಅಂದರೆ ಬರಿಯ ಗೆರೆಯ ಆಕೃತಿಗಳಾಗಿಸುವವರು. ಅದು ಬೇಡ; ಅಡಿಗೆರೆಗಳು, ಪಟ್ಟಿಯ ಚುಕ್ಕಿಗಳು ಆಗ ಕಾಣೆಯಾಗಬಹುದು, ಕೊನೆಗಳಿಗೆಯ ಕಾಗುಣಿತದ ತಪ್ಪನ್ನು ತಿದ್ದಲೂ ಬರುವುದಿಲ್ಲ.

ಕಳುಹಿಸುವ ಮುನ್ನ ಮುದ್ರಣಾಲಯದವರಿಗೆ ಎಕ್ಸ್-1ಎ ಬೇಕೋ ಎಕ್ಸ್-4 ಬೇಕೋ ಎಂದು ಒಂದು ಮಾತು ಕೇಳಿ. ಎಕ್ಸ್-4 ಪಾರದರ್ಶಕ ಪರಿಣಾಮಗಳನ್ನು ಇದ್ದಂತೆಯೇ ಉಳಿಸಿಕೊಳ್ಳುತ್ತದೆ, ಆದ್ದರಿಂದ ನೀವು ತೆಗೆದುಹಾಕಿದ ನೆರಳುಗಳನ್ನು ಮರಳಿ ಹಾಕಿಕೊಳ್ಳಬಹುದು. ಎಕ್ಸ್-1ಎಯಲ್ಲಿ ಪಾರದರ್ಶಕತೆಗೆ ಅವಕಾಶವಿಲ್ಲ; ಅದೇ ಬೇಕೆಂದರೆ ನೆರಳಿರುವ ಪುಟಗಳಲ್ಲಿ ಅಕ್ಷರದ ಪದರವನ್ನು ಚಿತ್ರದ ಪದರಕ್ಕಿಂತ ಮೇಲೆ ಇರಿಸಿ. ಕೆಳಗಿದ್ದರೆ ಪರಿಣಾಮಗಳನ್ನು ಚಪ್ಪಟೆ ಮಾಡುವಾಗ ನೆರಳಿನಡಿಗೆ ಸಿಕ್ಕ ಸಾಲುಗಳು ಉಳಿದವಕ್ಕಿಂತ ದಪ್ಪಗೆ ಅಚ್ಚಾಗುವ ಅಪಾಯವಿದೆ.