ಗುಲಾಬಿ, ಸೇವಂತಿಗೆ, ಕ್ಯಾನಾ: ಎಲೆ ಚುಕ್ಕೆಗೆಲ್ಲ ಬೋರ್ಡೋ ಸಾಕಾ?

ಹಿತ್ತಲಗಿಡ (ತೀರ್ಥಹಳ್ಳಿ):
ಮಳೆ ಹಿಡಿದ ಮೇಲೆ ಗುಲಾಬಿಯ ಕೆಳಗಿನ ಎಲೆಗಳಿಗೆ ಕಪ್ಪು ಚುಕ್ಕೆ ಬಿದ್ದು, ಹಳದಿಯಾಗಿ ಉದುರುತ್ತಿವೆ. ಸೇವಂತಿಗೆಗೆ ಕಂದು ಮಚ್ಚೆ, ಬುಡದಿಂದ ಮೇಲಕ್ಕೆ ಏರುತ್ತಿದೆ. ಕ್ಯಾನಾ ಎಲೆಯಲ್ಲಿ ಕಿತ್ತಳೆ ಚುಕ್ಕೆ. ಆಂಥೂರಿಯಂ ಎಲೆಯ ಅಂಚು ನೀರು ಕುಡಿದಂತಾಗಿ ಸುತ್ತ ಹಳದಿ ತಿರುಗಿದೆ. ಅಡಿಕೆಗೆ ಹೊಡೆದ ಬೋರ್ಡೋ (ಮೈಲುತುತ್ತ, ಸುಣ್ಣ ಕಲಸಿದ ತಾಮ್ರದ ದ್ರಾವಣ) ನಿನ್ನೆಯದು ಒಂದು ಬಕೆಟ್ ಉಳಿದಿದೆ. ಅದನ್ನೇ ಎಲ್ಲಕ್ಕೂ ಹೊಡೆಯಬಹುದಾ?

ದರಗು:
ಮೊದಲು ಎಲೆ ಮಗುಚಿ ನೋಡಿ. ಗುಲಾಬಿ ಚುಕ್ಕೆಯ ಅಂಚು ನುಣ್ಣಗಿರದೆ ನೂಲು ಬಿಟ್ಟಂತಿದ್ದು, ಎಲೆಯ ಮೇಲ್ಮೈಯಲ್ಲೇ ಇದ್ದರೆ ಕಪ್ಪು ಚುಕ್ಕೆ ರೋಗ. ಎಲೆ ಸುಮಾರು 7 ಗಂಟೆ ಒದ್ದೆಯಾಗಿದ್ದರೆ ಸಾಕು, ಅದು ಹತ್ತುತ್ತದೆ. ನಮ್ಮ ಜುಲೈಯಲ್ಲಿ ಎಲೆ ಒಣಗುವುದೇ ಯಾವಾಗ! ಸೇವಂತಿಗೆ ಮಚ್ಚೆಯ ನಡುವೆ ಲೆನ್ಸಿನಲ್ಲಿ ಸಾಸಿವೆಗಿಂತಲೂ ಸಣ್ಣ ಕರಿ ಬೊಟ್ಟುಗಳು ಕಂಡರೆ ಸೆಪ್ಟೋರಿಯಾ ಎಂಬ ಶಿಲೀಂಧ್ರ. ಮಳೆಹನಿ ಸಿಡಿದು ಅದರ ಬೀಜಾಣು ಕೆಳಗಿನ ಎಲೆಯಿಂದ ಮೇಲಿನದಕ್ಕೆ ಹಾರುತ್ತದೆ. ಎಲೆಯ ಅಡಿಯಲ್ಲಿ ಬಿಳಿ ಗುಳ್ಳೆ, ಮೇಲೆ ಕುಳಿ ಇದ್ದರೆ ಮಾತ್ರ ಬಿಳಿ ತುಕ್ಕು. ಕ್ಯಾನಾದ್ದು ಬೆರಳಿಗೆ ಕಿತ್ತಳೆ ಪುಡಿಯಾಗಿ ಅಂಟಿದರೆ ತುಕ್ಕು ರೋಗವೇ.

ಮದ್ದಿಗೆ ಮುಂಚೆ ರೋಗದ ಎಲೆ, ಬುಡದಲ್ಲಿ ಬಿದ್ದ ದರಗು ಎಲ್ಲ ಆರಿಸಿ ಸುಡಿ. ಗೊಬ್ಬರದ ಗುಂಡಿಗೆ ಹಾಕಬೇಡಿ.

ಮೈಲುತುತ್ತ:
ಹಳೇ ಬೋರ್ಡೋ ಬೇಡವೇ ಬೇಡ. ಮಾಡಿದ ದಿನವೇ ಮುಗಿಸಬೇಕು, ಮರುದಿನಕ್ಕೆ ಅದರ ಕಸುವು ಇಳಿದಿರುತ್ತದೆ. ಮೇಲಾಗಿ ಅಡಿಕೆಗೆ ಮಾಡುವುದು ಶೇಕಡಾ 1ರದ್ದು. ತಂಪು ಹವೆಯಲ್ಲಿ ಗುಲಾಬಿ ಎಲೆ ಮೇಲೆ ನಿಧಾನ ಒಣಗಿದರೆ ತಾಮ್ರ ಎಲೆಯೊಳಗೆ ಇಳಿದು ಸುಡುತ್ತದೆ. ನೇರಳೆ ಕಲೆ ಬಿದ್ದು ಎಲೆ ಉದುರುತ್ತದೆ. ರೋಗ ಹೆಚ್ಚಾಯಿತು ಅಂತ ಜನ ಇನ್ನೊಮ್ಮೆ ಹೊಡೆಯುತ್ತಾರೆ!

ಗುಲಾಬಿ, ಸೇವಂತಿಗೆ ಎರಡಕ್ಕೂ ಲೀಟರಿಗೆ 2 ಗ್ರಾಂ ಮ್ಯಾಂಕೋಜೆಬ್ ಎಂಬ ಶಿಲೀಂಧ್ರನಾಶಕ. ಹೊಳವು ನೋಡಿ, ಬೆಳಿಗ್ಗೆ, ಎಲೆಯ ಅಡಿಗೂ ತಾಗುವಂತೆ. 10 ದಿನ ಬಿಟ್ಟು ಮತ್ತೊಮ್ಮೆ. ಕ್ಯಾನಾ ತುಕ್ಕಿಗೆ ಪ್ರೊಪಿಕೊನಜೋಲ್, ಲೀಟರಿಗೆ 1 ಮಿಲಿ. ಕೈಗವಸು, ಮುಖಕ್ಕೆ ಬಟ್ಟೆ ಮರೆಯಬೇಡಿ.

ಹಿತ್ತಲಗಿಡ:
ಕ್ಯಾನಾದ್ದು ಪುಡಿ ಅಂಟಿತು, ತುಕ್ಕೇ. ಆದರೆ ಪಕ್ಕದ ಮ್ಯಾಗ್ನೋಲಿಯಾದಲ್ಲೂ ಕಿತ್ತಳೆ ಚುಕ್ಕೆ ಇದೆ, ಒರೆಸಿದರೂ ಬೆರಳಿಗೆ ಬರುವುದಿಲ್ಲ, ಮಖಮಲ್ಲಿನ ಹಾಗಿದೆ.

ದರಗು:
ಅದು ಶಿಲೀಂಧ್ರವೇ ಅಲ್ಲ ಮಾರಾಯ್ರೆ, ಪಾಚಿ. ಗಾಳಿ, ಬೆಳಕು ಕಡಿಮೆ ಇರುವ ಕಡೆ ಬರುತ್ತದೆ. ಸುತ್ತಲ ರೆಂಬೆ ಸವರಿ. ಗಿಡ ಅದರಿಂದ ಸಾಯುವುದು ಅಪರೂಪ.

ಮೈಲುತುತ್ತ:
ಆಂಥೂರಿಯಂಗೆ ಮ್ಯಾಂಕೋಜೆಬ್ ಸುರಿಯುವ ಮುಂಚೆ ಒಂದು ಪರೀಕ್ಷೆ ಮಾಡಿ. ರೋಗದ ಅಂಚಿನ ತುಂಡು ಕತ್ತರಿಸಿ ತಿಳಿನೀರಿನ ಗಾಜಿನ ಲೋಟದಲ್ಲಿ ಹಿಡಿಯಿರಿ. ಕತ್ತರಿಸಿದ ಬದಿಯಿಂದ ಹಾಲಿನಂಥ ಎಳೆ ಇಳಿದರೆ ಬ್ಯಾಕ್ಟೀರಿಯಾ. ಶಿಲೀಂಧ್ರನಾಶಕ ಅದಕ್ಕೆ ನಾಟುವುದಿಲ್ಲ. ಆ ಗಿಡ ಬೇರೆ ಇಡಿ, ಎಲೆ ಮೇಲೆ ನೀರು ಹಾಕಬೇಡಿ, ಕತ್ತರಿಯನ್ನು ಒಂದೊಂದು ಗಿಡ ಮುಗಿದ ಮೇಲೂ ಸ್ಪಿರಿಟ್‌ನಲ್ಲಿ ಒರೆಸಿ.