ಅಪ್‌ಡೇಟ್: ಜಾಗವಿದ್ದರೂ ‘ಡಿಸ್ಕ್ ಭರ್ತಿ’ ಎನ್ನುತ್ತಿದ್ದ ಲಿನಕ್ಸ್ ಸರಿಹೋಯಿತು

ಅರ್ಧ ಡಿಸ್ಕ್ ಖಾಲಿ ಇದ್ದರೂ ಹೊಸ ಫೈಲ್ ಉಳಿಸಲು ಆಗುತ್ತಿಲ್ಲ ಎಂದು ಕೇಳಿದ್ದೆ. ‘ಡಿಎಫ್ -ಐ’ (df -i) ಕಮಾಂಡ್ ಕೊಟ್ಟು ನೋಡಿ ಎಂದವರ ಊಹೆ ನಿಜವಾಯಿತು: ಐನೋಡ್ (ಫೈಲಿನ ವಿವರಗಳನ್ನು ದಾಖಲಿಸುವ ನಮೂದು) ಬಳಕೆ 100% ಮುಟ್ಟಿತ್ತು. ಲಿನಕ್ಸ್ ಡಿಸ್ಕ್‌ನಲ್ಲಿ ಫೈಲುಗಳನ್ನು ಜೋಡಿಸಿಡುವ ಇಎಕ್ಸ್‌ಟಿ4 (ext4) ವ್ಯವಸ್ಥೆಯಲ್ಲಿ ಪ್ರತಿ ಫೈಲಿಗೂ ಒಂದು ಐನೋಡ್ ಬೇಕು. ಅವುಗಳ ಒಟ್ಟು ಸಂಖ್ಯೆ ಫಾರ್ಮ್ಯಾಟ್ ಮಾಡುವಾಗಲೇ ನಿಗದಿಯಾಗಿಬಿಡುತ್ತದೆ, ಸಾಮಾನ್ಯವಾಗಿ ಡಿಸ್ಕ್‌ನ ಪ್ರತಿ 16 ಕೆಬಿ ಜಾಗಕ್ಕೆ ಒಂದರಂತೆ. ಪುಟ್ಟ ಫೈಲುಗಳು ಲಕ್ಷಗಟ್ಟಲೆ ಸೇರಿಕೊಂಡರೆ ಜಾಗ ಇದ್ದೂ ಇಲ್ಲದಂತೆಯೇ! ಫೋಲ್ಡರಿನಲ್ಲಿ ಎಷ್ಟು ಐನೋಡ್ ಬಳಕೆಯಾಗಿದೆ ಎಂದು ತೋರಿಸುವ ‘ಡಿಯು --ಐನೋಡ್ಸ್’ (du --inodes) ಕಮಾಂಡ್ ಹಿಡಿದು ಫೋಲ್ಡರ್‌ಗಳನ್ನು ಜಾಲಾಡಿದಾಗ, ಎಂದೋ ತೆಗೆದುಹಾಕಿದ್ದ ಪ್ರೋಗ್ರಾಮಿನ ಕ್ಯಾಶೆ (ತಾತ್ಕಾಲಿಕ ಫೈಲುಗಳ ರಾಶಿ) ಹೋಮ್ ಫೋಲ್ಡರಿನಲ್ಲೇ ಉಳಿದಿರುವುದು ಕಂಡಿತು. ಪ್ರೋಗ್ರಾಮ್ ತೆಗೆದರೂ ಈ ಕ್ಯಾಶೆ ತಾನಾಗಿ ಹೋಗುವುದಿಲ್ಲ. ಅದನ್ನು ಅಳಿಸಿದೆ, ಐನೋಡ್ ಬಳಕೆ 23%ಕ್ಕೆ ಇಳಿದಿದೆ. ಮತ್ತೆ ಫಾರ್ಮ್ಯಾಟ್ ಮಾಡಬೇಕಾದೀತೆಂಬ ಆತಂಕ ಕಳೆಯಿತು. ಬಿಡುವು ಮಾಡಿಕೊಂಡು ದಾರಿ ತೋರಿಸಿದ ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು.