ಸಂಸಾರ ಸಮೇತ ಹೊಸ ಮಹಾನಗರಕ್ಕೆ: ಯಾವ ಏರಿಯಾ ಅಂತ ತೀರ್ಮಾನ ಮಾಡೋದು ಹೇಗೆ?

ಗಂಟುಮೂಟೆ:

ಎಲ್ಲರಿಗೂ ನಮಸ್ಕಾರ. ಬೇರೆ ಊರಿನಲ್ಲಿ ಕೆಲಸ ಸಿಕ್ಕಿದೆ, ಮೂರು ತಿಂಗಳಲ್ಲಿ ಸೇರಬೇಕು. ದೊಡ್ಡ ಊರು, ಪರಿಚಯದವರು ಒಬ್ಬರೂ ಇಲ್ಲ. ನಾವು ಐದು ಜನ: ನಾನು, ಹೆಂಡತಿ, 11 ವರ್ಷದ ಮಗಳು, 6 ವರ್ಷದ ಮಗ, ಜೊತೆಗೆ ನಮ್ಮಮ್ಮ. ಅಮ್ಮನಿಗೆ ಮಂಡಿ ನೋವು. ಹೆಂಡತಿ ಅಲ್ಲಿಗೆ ಹೋದ ಮೇಲೆ ಕೆಲಸ ಹುಡುಕಬೇಕು.

ಎರಡು ವಾರದಿಂದ ರಾತ್ರಿ ಹನ್ನೆರಡರವರೆಗೆ ಮೊಬೈಲಿನಲ್ಲಿ ಮನೆಗಳ ಫೋಟೋ ನೋಡುತ್ತಾ ಕೂತಿದ್ದೇನೆ, ನೋಡಿದಷ್ಟೂ ತಲೆ ಕೆಡುತ್ತಿದೆ. ಆಫೀಸಿನ ಹತ್ತಿರ ಮನೆ ಚಿಕ್ಕದು, ಬಾಡಿಗೆ ಜಾಸ್ತಿ. 18 ಕಿಲೋಮೀಟರ್ ಆಚೆ ಅದೇ ದುಡ್ಡಿಗೆ ಒಂದು ರೂಮು ಹೆಚ್ಚಿಗೆ ಸಿಗುತ್ತದೆ, ಎದುರಿಗೇ ಪಾರ್ಕು. ಆಫೀಸಿನವರೊಬ್ಬರು ಬಾಡಿಗೆ ಯಾಕೆ, ಹೋದ ತಕ್ಷಣ ಕೊಂಡುಬಿಡಿ ಅಂತಾರೆ. ಅನುಭವ ಇರುವವರು ಹೇಳಿ, ಮೊದಲು ಏನು ನೋಡಬೇಕು?

ಮೂರೂರು ಸುತ್ತಿದವಳು:

18 ಕಿಲೋಮೀಟರ್ ಅಂತ ಹೇಳಬೇಡಿ ಸರ್, ನಿಮಿಷ ಹೇಳಿ. ಗೂಗಲ್ ಮ್ಯಾಪ್‌ನಲ್ಲಿ ಸೋಮವಾರ ಬೆಳಿಗ್ಗೆ 9ಕ್ಕೆ ಆಫೀಸು ತಲುಪಬೇಕು ಅಂತ ಹಾಕಿ ನೋಡಿ. ಸಂಜೆ 6ಕ್ಕೆ ವಾಪಸ್ ಹೊರಟರೆ ಎಷ್ಟು ಅಂತಲೂ ನೋಡಿ. ಭಾನುವಾರ ಮನೆ ನೋಡೋಕೆ ಹೋದಾಗ ಅರ್ಧ ಗಂಟೆ ಆಯಿತು ಅಂತ ನಂಬಿ ನಾನು ಒಮ್ಮೆ ಕೆಟ್ಟಿದ್ದೇನೆ. ವಾರದ ದಿನಗಳಲ್ಲಿ ಅದೇ ದಾರಿ ಒಂದು ಗಂಟೆ ಇಪ್ಪತ್ತು ನಿಮಿಷ ತೆಗೆದುಕೊಳ್ಳುತ್ತಿತ್ತು. ಮಗು ಏಳುವ ಮೊದಲೇ ಹೊರಡುತ್ತಿದ್ದೆ, ಮಲಗಿದ ಮೇಲೆ ಬರುತ್ತಿದ್ದೆ. ಹೆಚ್ಚಿಗೆ ಸಿಕ್ಕ ಆ ರೂಮಿನಲ್ಲಿ ಇಸ್ತ್ರಿ ಬಟ್ಟೆ ಬಿದ್ದಿರುತ್ತಿತ್ತು ಅಷ್ಟೇ.

ಲೆಕ್ಕ ಹಾಕಿ ನೋಡಿ. ಓಡಾಟ ದಿನಕ್ಕೆ ಒಂದೂವರೆ ಗಂಟೆ ಹೆಚ್ಚಾದರೆ, ವರ್ಷಕ್ಕೆ 240 ದಿನ ಕೆಲಸ ಅಂದುಕೊಂಡರೂ 360 ಗಂಟೆ. ಅಂದರೆ ಹಗಲು ರಾತ್ರಿ ಸೇರಿ ಪೂರ್ತಿ 15 ದಿನ ಬರೀ ಟ್ರಾಫಿಕ್‌ನಲ್ಲಿ. ಇಟಲಿಯ ಭೌತವಿಜ್ಞಾನಿ ಚೆಸಾರೆ ಮಾರ್ಕೆಟ್ಟಿ 1994ರಲ್ಲಿ ಒಂದು ಮಾತು ಬರೆದಿದ್ದರು. ನಡೆದು ಹೋಗುತ್ತಿದ್ದ ಕಾಲದಿಂದ ಕಾರಿನ ಕಾಲದವರೆಗೂ ಜನ ಓಡಾಟಕ್ಕೆ ಕೊಡುವ ಸಮಯ ದಿನಕ್ಕೆ ಸುಮಾರು ಒಂದು ಗಂಟೆ, ಹೋಗಿ ಬರೋದು ಎರಡೂ ಸೇರಿ. ಅದನ್ನು ದಾಟಿದರೆ ಮೈಮನಸ್ಸು ಎರಡೂ ಗೊಣಗುತ್ತವೆ, ಇದು ನನ್ನ ಅನುಭವ. ಚಿಕ್ಕ ಮನೆಯೇ ತಗೊಳ್ಳಿ.

ಚಾಕ್‌ಪೀಸ್:

ಮೇಡಂ ಹೇಳಿದ್ದು ಅರ್ಧ ಸರಿ. ಆದರೆ ಆಫೀಸನ್ನೇ ನಡುವೆ ಇಟ್ಟು ಸುತ್ತ ಗೆರೆ ಎಳೆಯೋದನ್ನು ನಾನು ಒಪ್ಪಲ್ಲ. ಕೆಲಸ ಎರಡು ವರ್ಷಕ್ಕೆ ಬದಲಾಗಬಹುದು, ಆಫೀಸೇ ಬೇರೆ ಕಡೆ ಹೋಗಬಹುದು. ಮಗಳ ಸ್ಕೂಲನ್ನು ಹಾಗೆ ಪದೇ ಪದೇ ಬದಲಿಸೋಕೆ ಆಗಲ್ಲ ಅಲ್ವಾ? ಮೊದಲು ಎರಡು ಮೂರು ಸ್ಕೂಲು ಆರಿಸಿ, ಫೋನ್ ಮಾಡಿ, ಆ ತರಗತಿಯಲ್ಲಿ ಸೀಟು ಇದೆಯಾ ಕೇಳಿ. ಮನೆ ಆಮೇಲೆ. ಎಷ್ಟೋ ಜನ ಮನೆಗೆ ಅಡ್ವಾನ್ಸ್ ಕೊಟ್ಟು ಆಮೇಲೆ ಸ್ಕೂಲಿಗೆ ಅಲೆಯುತ್ತಾರೆ.

ಏರಿಯಾದಿಂದ ಮಕ್ಕಳಿಗೆ ನಿಜವಾಗಿ ವ್ಯತ್ಯಾಸ ಆಗುತ್ತದಾ ಅಂತ ಅಮೆರಿಕದಲ್ಲಿ ಪರೀಕ್ಷೆ ಮಾಡಿಯೇ ನೋಡಿದ್ದಾರೆ. 1994ರಿಂದ 1998ರವರೆಗೆ ಐದು ಮಹಾನಗರಗಳ ಸುಮಾರು 4,600 ಬಡ ಕುಟುಂಬಗಳನ್ನು ಲಾಟರಿಯಲ್ಲಿ ಆರಿಸಿ, ಕೆಲವರಿಗೆ ಬಡತನ ಕಡಿಮೆ ಇರುವ ಏರಿಯಾಗೆ ಹೋಗೋಕೆ ಬಾಡಿಗೆ ಸಹಾಯ ಕೊಟ್ಟರು. ರಾಜ್ ಚೆಟ್ಟಿ ಮತ್ತು ಇನ್ನಿಬ್ಬರು ಅರ್ಥಶಾಸ್ತ್ರಜ್ಞರು 2016ರಲ್ಲಿ ಆ ಮಕ್ಕಳ ದುಡಿಮೆ ಲೆಕ್ಕ ಹಾಕಿದರು. 13 ವರ್ಷ ತುಂಬುವ ಮೊದಲು ಹೋದವರು ಇಪ್ಪತ್ತೈದರ ಆಸುಪಾಸಿಗೆ ಸುಮಾರು 31% ಜಾಸ್ತಿ ದುಡಿಯುತ್ತಿದ್ದರು. 13 ದಾಟಿ ಹೋದವರಿಗೆ ಆ ಲಾಭ ಕಾಣಲಿಲ್ಲ. ಇದನ್ನು ಓದಿ ಸಾಲ ಮಾಡಿ ಶ್ರೀಮಂತರ ಬಡಾವಣೆಗೆ ಹೋಗಬೇಡಿ, ಅದು ತೀರಾ ಕಷ್ಟದ ಏರಿಯಾಗಳಿಂದ ಹೊರಬಂದವರ ಕಥೆ. ನಾನು ತೆಗೆದುಕೊಂಡ ಪಾಠ ಬೇರೆ: ಒಂದೇ ಒಳ್ಳೆ ಜಾಗದಲ್ಲಿ ಮಕ್ಕಳು ಎಷ್ಟು ವರ್ಷ ಬೆಳೆಯುತ್ತಾರೆ ಅನ್ನೋದೂ ಲೆಕ್ಕಕ್ಕೆ ಬರುತ್ತದೆ. ನಿಮ್ಮ ಮಗಳಿಗೆ 11. ಈಗ ಒಂದು ಕಡೆ, ಎರಡು ವರ್ಷಕ್ಕೆ ಇನ್ನೊಂದು ಕಡೆ ಅಂತ ಮಾಡಬೇಡಿ.

ಕೊಳ್ಳೋ ಮಾತು ಈಗಲೇ ಬೇಡ. ಒಂದು ವರ್ಷ ಬಾಡಿಗೆಗಿರಿ, ಒಂದು ಮಳೆಗಾಲ ನೋಡಿ.

ಸ್ಪಿರಿಟ್ ಲೆವೆಲ್:

ಮಳೆಗಾಲ ಅಂದಿರಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಹೊಸದಾಗಿ ಬಣ್ಣ ಹೊಡೆದ ಮನೆಯನ್ನು ನೋಡಿ ಮರುಳಾಗಬೇಡಿ, ಅಕ್ಕಪಕ್ಕದ ಹಳೇ ಕಾಂಪೌಂಡ್ ಗೋಡೆ ನೋಡಿ. ನೀರು ನಿಂತ ಗೆರೆ ಅಲ್ಲಿ ಕಾಣುತ್ತದೆ. ರಸ್ತೆ ಯಾವ ಕಡೆ ಇಳಿಯುತ್ತದೆ, ಚರಂಡಿ ಎಲ್ಲಿಗೆ ಸೇರುತ್ತದೆ, ಎರಡು ಹೆಜ್ಜೆ ನಡೆದು ನೋಡಿ. ದಲ್ಲಾಳಿ ಇದನ್ನು ಹೇಳಲ್ಲ. ಕೆಳಗಿನ ಮನೆಯವರು ಕೇಳದಿದ್ದರೂ ಹೇಳುತ್ತಾರೆ, ನಲ್ಲಿ ನೀರು ಎಷ್ಟು ಹೊತ್ತು ಬರುತ್ತದೆ ಅನ್ನೋದೂ ಸೇರಿ.

ದೊಡ್ಡ ರಸ್ತೆಗೆ ಅಂಟಿಕೊಂಡ ಮನೆ ಬೇಡ. ವಾಹನದ ಹೊಗೆ ದಟ್ಟವಾಗಿರೋದು ರಸ್ತೆಯಿಂದ ಮೊದಲ ಕೆಲವು ನೂರು ಮೀಟರಿನಲ್ಲಿ. ಎರಡು ಏರಿಯಾದ ಪಿಎಂ 2.5, ಅಂದರೆ ಗಾಳಿಯಲ್ಲಿರುವ ಅತಿ ಸಣ್ಣ ಧೂಳಿನ ಕಣಗಳ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಅದರ ವರ್ಷದ ಸರಾಸರಿ ಮಿತಿಯನ್ನು ಒಂದು ಘನ ಮೀಟರ್ ಗಾಳಿಯಲ್ಲಿ 10ರಿಂದ 5 ಮೈಕ್ರೋಗ್ರಾಮಿಗೆ ಇಳಿಸಿತು. ಅಷ್ಟು ಸಿಗೋದು ಕಷ್ಟ ಬಿಡಿ, ಕಮ್ಮಿ ಇರುವ ಕಡೆ ವಾಲಿ. ಮತ್ತೆ ರಾತ್ರಿ ಹತ್ತಕ್ಕೆ ಒಮ್ಮೆ ಹೋಗಿ. ಬೀದಿದೀಪ ಉರಿಯುತ್ತಾ, ಹೆಂಗಸರು ಮಕ್ಕಳು ಓಡಾಡುತ್ತಾರಾ, ಎಷ್ಟು ಗಲಾಟೆ, ಎಲ್ಲ ಗೊತ್ತಾಗುತ್ತದೆ.

ಗಂಟುಮೂಟೆ:

ತುಂಬಾ ಥ್ಯಾಂಕ್ಸ್. ಹೆಂಡತಿಯ ಕೆಲಸ ಎಲ್ಲಿ ಸಿಗುತ್ತದೋ ಗೊತ್ತಿಲ್ಲ, ಅದಕ್ಕೇನು ಮಾಡೋದು? ಇನ್ನೊಂದು ವಿಷಯ. ಇದನ್ನೆಲ್ಲ ಅಮ್ಮನಿಗೆ ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಎಲ್ಲ ಸರಿ, ನೀವೆಲ್ಲ ಹೋದ ಮೇಲೆ ನಾನು ಯಾರ ಹತ್ತಿರ ಮಾತಾಡಲಿ ಅಂತ ಯಾರೂ ಬರೆದಿಲ್ಲವಲ್ಲ" ಅಂದರು.

ಮೂರೂರು ಸುತ್ತಿದವಳು:

ಅಯ್ಯೋ, ಅಮ್ಮ ನಮ್ಮನ್ನೆಲ್ಲ ಹಿಡಿದುಬಿಟ್ಟರು!

ಹೆಂಡತಿಯ ವಿಷಯಕ್ಕೆ, ಎರಡು ಮೆಟ್ರೋ ಲೈನೋ ಬಸ್ ಮಾರ್ಗವೋ ಕೂಡುವ ಜಾಗದ ಹತ್ತಿರ ಹುಡುಕಿ, ಆಗ ಯಾವ ಕಡೆ ಕೆಲಸ ಸಿಕ್ಕರೂ ದಾರಿ ಇರುತ್ತದೆ. ಅಲ್ಲಿಂದ ಸ್ಕೂಲು ಎಷ್ಟು ದೂರ ನೋಡಿ. ಚಾಕ್‌ಪೀಸ್ ಅವರ ಮಾತು ಕೇಳಿ, ನನ್ನದನ್ನು ಸ್ವಲ್ಪ ಬದಿಗಿಡಿ.

ಅಮ್ಮನಿಗೆ ಮಾತ್ರ ಫೋಟೋ ತೋರಿಸಬೇಡಿ, ಜೊತೆಗೇ ಕರೆದುಕೊಂಡು ಹೋಗಿ. ಸಂಜೆ ಐದಕ್ಕೆ. ಆ ಮನೆಯ ಹತ್ತಿರದ ಬೆಂಚಿನ ಮೇಲೆ ಅರ್ಧ ಗಂಟೆ ಕೂರಿಸಿ, ನೀವು ಎದ್ದು ಆ ಕಡೆ ಹೋಗಿಬಿಡಿ. ವಾಪಸ್ ಬಂದಾಗ ಪಕ್ಕದಲ್ಲಿ ಯಾರಾದರೂ ಕೂತಿದ್ದಾರಾ ನೋಡಿ.